371(ಜೆ) ಸರ್ಟಿಫಿಕೇಟ್ ಇದ್ದೂ ಗುಳೆ ಹೋಗಬೇಕೇ?

ಪ್ರಶ್ನೆ: ಬಿ.ಕಾಂ. ಮುಗಿಸಿ ಎರಡು ವರ್ಷವಾಯಿತು. ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಕೊಡುವ 371(ಜೆ) ಸರ್ಟಿಫಿಕೇಟ್ ಮಾಡಿಸಿಟ್ಟುಕೊಂಡಿದ್ದೇನೆ. ಪರೀಕ್ಷೆಗಳನ್ನೂ ಬರೆದೆ, ಆಗಲಿಲ್ಲ. ಸುಗ್ಗಿ ಮುಗಿದ ಮೇಲೆ ಅಪ್ಪ, ಅವ್ವ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಈ ಸಲ ನನ್ನನ್ನೂ, ಆರನೇ ಇಯತ್ತೆ ಓದುವ ತಂಗಿಯನ್ನೂ ಕರೆಯುತ್ತಿದ್ದಾರೆ. ಎರಡು ನದಿ, ಚಿನ್ನದ ಗಣಿ, ಕರೆಂಟಿನ ಕಾರ್ಖಾನೆ ಇರುವ ಜಿಲ್ಲೆಯಲ್ಲಿ ನಮಗೇಕೆ ಕೆಲಸವಿಲ್ಲ ಸರ್?
– ಓದುಗ, ದೇವದುರ್ಗ ತಾಲ್ಲೂಕು, ರಾಯಚೂರು ಜಿಲ್ಲೆ

ಉತ್ತರ: ತಮ್ಮಾ, ಲಿಂಗಸುಗೂರಿನಲ್ಲಿ ಇಪ್ಪತ್ತೆಂಟು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವನು ನಾನು. ಸುಗ್ಗಿ ಮುಗಿದ ಮೇಲೆ ಹಾಜರಿ ಕೂಗಿದರೆ ಹಿಂದಿನ ಬೆಂಚುಗಳಿಂದ ದನಿ ಬರುತ್ತಿರಲಿಲ್ಲ. "ಗುಳೆ ಹೋಗ್ಯಾನ್ರಿ ಸರ್" ಅಂತ ಪಕ್ಕದವನು ಹೇಳುತ್ತಿದ್ದ. ಹಾಗೆ ಹೋದವರಲ್ಲಿ ಎಷ್ಟೋ ಮಂದಿ ಪರೀಕ್ಷೆಗೂ ಬರಲಿಲ್ಲ.

ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅತ್ಯಂತ ಹಿಂದುಳಿದವು 39. ಅವುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ನಿನ್ನ ದೇವದುರ್ಗ, ನನ್ನ ಲಿಂಗಸುಗೂರು ಎರಡೂ ಆ ಪಟ್ಟಿಯಲ್ಲಿವೆ. ಹತ್ತು ವರ್ಷದ ಮೇಲೆ, 2012ರಲ್ಲಿ, ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371(ಜೆ) ಬಂತು. ಸ್ಥಳೀಯ ಹುದ್ದೆಗಳಲ್ಲಿ ಎ, ಬಿ ಗುಂಪಿಗೆ ಶೇ 75, ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85 ನಮ್ಮವರಿಗೆ. ಹೋರಾಡಿ ಪಡೆದ ಹಕ್ಕು ಅದು, ಬಿಡಬೇಡ. ಆದರೆ ಸರ್ಕಾರ ಹುದ್ದೆ ಕರೆದರೆ ಅದರಲ್ಲಿ ನಿನಗೆ ಪಾಲಿದೆ. ಕರೆಯದೆ ಖಾಲಿ ಬಿಟ್ಟರೆ ಆ ಸರ್ಟಿಫಿಕೇಟ್ ಏನೂ ಮಾಡಲಾರದು. ಹೊಸ ಕೆಲಸ ಹುಟ್ಟಿಸುವ ಶಕ್ತಿ ಅದಕ್ಕಿಲ್ಲ.

ಕೆಲಸ ಹುಟ್ಟಬೇಕಾದದ್ದು ಎಲ್ಲಿ? ನಿಮ್ಮ ಹೊಲದ ಹತ್ತಿಯನ್ನೇ ನೋಡು. ರಾಯಚೂರಿನ ಮಾರುಕಟ್ಟೆಗೆ ಬರುತ್ತದೆ, ಜಿನ್ನಿಂಗ್ ಆಗಿ, ಅಂದರೆ ಬೀಜ ಬೇರೆಯಾಗಿ, ಬೇಲ್ ಕಟ್ಟಿಸಿಕೊಂಡು ಲಾರಿ ಹತ್ತುತ್ತದೆ. ನೂಲಾಗುವುದು, ಬಟ್ಟೆಯಾಗುವುದು, ಅಂಗಿಯಾಗುವುದು ಬಹುಪಾಲು ಬೇರೆ ಊರುಗಳಲ್ಲಿ. ಜಿನ್ನಿಂಗಿಗೆ ಬೇಕಾಗುವ ಆಳು ಕಡಿಮೆ, ಅದೂ ಸುಗ್ಗಿಯ ಕೆಲವು ತಿಂಗಳು. ಹೊಲಿಗೆಗಾದರೆ ವರ್ಷವಿಡೀ ನೂರಾರು ಕೈ ಬೇಕು. ಆ ಕೈಗಳ ಕೂಲಿ ಹತ್ತಿಯ ಜೊತೆಗೇ ಜಿಲ್ಲೆ ದಾಟುತ್ತದೆ. ಶಕ್ತಿನಗರದ 1,720 ಮೆಗಾವ್ಯಾಟ್ ಸ್ಥಾವರವೂ ಹಾಗೆಯೇ: ಕೃಷ್ಣೆಯ ನೀರು ನಮ್ಮದು, ಬೂದಿ ನಮ್ಮದು, ಕರೆಂಟು ಗ್ರಿಡ್ಡಿನದು. ಆ ಕರೆಂಟಿನಿಂದ ನಡೆಯುವ ಕಾರ್ಖಾನೆಗಳು ಇಲ್ಲಿಗೆ ಬರಲಿಲ್ಲ. ಇದನ್ನು ಪಾಠ ಮಾಡುವಾಗೆಲ್ಲ ನನ್ನ ದನಿ ಏರುತ್ತಿತ್ತು, ಈಗಲೂ ಏರುತ್ತದೆ.

ಇನ್ನು ನಿನ್ನ ಮಾತು. ಇಟ್ಟಿಗೆ ಹೊರಲು ಹೋಗಬೇಡ. ಆ ಕೆಲಸ ಕೀಳೆಂದು ಹೇಳುತ್ತಿಲ್ಲ. ಒಮ್ಮೆ ಹೋದರೆ ಓದು ಹಿಂದೆ ಬೀಳುತ್ತದೆ. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ, ಜಿಎಸ್‌ಟಿ ರಿಟರ್ನ್ ಕೆಲಸ ಕಲಿ. ರಾಯಚೂರಿನ ಅಡತಿ ಅಂಗಡಿಗಳಲ್ಲಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಲೆಕ್ಕ ಬರೆಯುವವರು ಬೇಕು. ಸಂಬಳ ಸಣ್ಣದು, ಆದರೆ ಸಂಜೆ ಓದಬಹುದು. ರಾಜ್ಯಮಟ್ಟದ ಕಚೇರಿಗಳ ಹುದ್ದೆಗಳಲ್ಲೂ ನಮಗೆ ಶೇ 8 ಇದೆ, ಆ ಅರ್ಜಿಗಳನ್ನೂ ಹಾಕು. ಅಪ್ಪ, ಅವ್ವ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಇಬ್ಬರಿಗೂ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್ ಮಾಡಿಸು. ಮಕ್ಕಳ ಓದಿಗೆ ಸಹಾಯಧನ ಅದರಲ್ಲಿದೆ.

ತಂಗಿಯನ್ನು ಮಾತ್ರ ಕಳಿಸಬೇಡ. ಗುಳೆ ಹೋಗುವವರ ಮಕ್ಕಳಿಗೆಂದೇ ಋತುಮಾನದ ಹಾಸ್ಟೆಲ್‌ಗಳನ್ನು ನಡೆಸುವ ವ್ಯವಸ್ಥೆಯಿದೆ. ನಿಮ್ಮ ಕಡೆ ಎಲ್ಲಿದೆ ಎಂದು ಹೆಡ್‌ಮಾಸ್ತರರನ್ನು ಈ ವಾರವೇ ಕೇಳು. ಇಲ್ಲದಿದ್ದರೆ ಅಜ್ಜಿಯ ಮನೆಯೋ, ಚಿಕ್ಕವ್ವನ ಮನೆಯೋ ಆದೀತು. ಎಲ್ಲಿ ಬಿಟ್ಟಿರಿ ಅಂತ ನನಗೊಂದು ಸಾಲು ಬರೆದು ತಿಳಿಸು.