ಕಾರ್ಡಿನಲ್ ರಿಶೆಲ್ಯೂ ಚಿತ್ರದಲ್ಲಿ ಒಬ್ಬರೇ ಮೂರು ಸಲ ಯಾಕಿದ್ದಾರೆ?

ಅದು ಗೋಡೆಗೆ ತೂಗುಹಾಕಲು ಬರೆದ ಚಿತ್ರವಲ್ಲ, ಶಿಲ್ಪಿಗೆ ಕಳಿಸಿದ ಮಾದರಿ. ಅದಕ್ಕೇ ಮೂರು ಮುಖ.

ರಿಶೆಲ್ಯೂ ಚರ್ಚಿನ ಕಾರ್ಡಿನಲ್, ಅಂದರೆ ಪೋಪ್‌ಗಿಂತ ಒಂದೇ ಮೆಟ್ಟಿಲು ಕೆಳಗಿನ ಧರ್ಮಗುರು. ಜೊತೆಗೆ ಫ್ರಾನ್ಸ್ ದೊರೆ 13ನೇ ಲೂಯಿಯ ಮುಖ್ಯಮಂತ್ರಿ. ಇಷ್ಟು ದೊಡ್ಡ ಮನುಷ್ಯ ಪ್ಯಾರಿಸ್ ಬಿಟ್ಟು, ರೋಮ್‌ನಲ್ಲಿದ್ದ ಶಿಲ್ಪಿಯ ಮುಂದೆ ಹೋಗಿ ಕೂರೋದು ಆಗದ ಮಾತು, ಅಲ್ವಾ? ಹಾಗಾಗಿ 1642ರ ಸುಮಾರಿಗೆ ಚಿತ್ರಕಾರ ಫಿಲಿಪ್ ದ ಶಾಂಪೇನ್, ರಿಶೆಲ್ಯೂ ಮುಖವನ್ನೇ ಬಟ್ಟೆಯ ಮೇಲೆ ಬರೆದುಕೊಟ್ಟ.

ಎದುರಿನಿಂದ ನೋಡಿದರೆ ಮೂಗು ಎಷ್ಟು ಚಾಚಿದೆ, ಹಣೆ ಎಷ್ಟು ಹಿಂದಕ್ಕೆ ಬಾಗಿದೆ ಅಂತ ಗೊತ್ತಾಗಲ್ಲ. ಕಲ್ಲು ಕೆತ್ತುವವನಿಗೆ ಬೇಕಾದದ್ದು ಆ ಅಳತೆಯೇ. ಅದು ಸಿಗೋದು ಪಕ್ಕದ ನೋಟದಲ್ಲಿ. ಮನುಷ್ಯರ ಎಡ-ಬಲ ಒಂದೇ ಥರ ಇರಲ್ಲವಾದ್ದರಿಂದ ಎರಡೂ ಕಡೆಯಿಂದ ಬರೆಯಬೇಕಾಯಿತು.

ನನಗೆ ತುಂಬಾ ಇಷ್ಟವಾಗೋದು ಬಲತುದಿಯ ತಲೆಯ ಮೇಲಿನ ಸಣ್ಣ ಬರಹ. ಫ್ರೆಂಚ್‌ನಲ್ಲಿ 'ಎರಡು ಪಕ್ಕನೋಟಗಳಲ್ಲಿ ಇದೇ ವಾಸಿ' ಅಂತಿದೆ. ಶಿಲ್ಪಿಗೆ ಸುಮ್ನೆ ಒಂದು ಚೀಟಿ ಬರೆದಂತೆ! ಈಗ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಈ ಉಪಾಯ ಹೊಸದೇನಲ್ಲ. ಕೆಲವೇ ವರ್ಷ ಮೊದಲು ವ್ಯಾನ್ ಡೈಕ್ ಇಂಗ್ಲೆಂಡಿನ ದೊರೆ 1ನೇ ಚಾರ್ಲ್ಸ್‌ನನ್ನೂ ಹೀಗೇ ಮೂರು ಕಡೆಯಿಂದ ಬರೆದಿದ್ದ. ಅದು ಹೋಗಿದ್ದು ರೋಮ್‌ನ ಶಿಲ್ಪಿ ಬರ್ನಿನಿಗೆ.