ಬೀದಿದೀಪದ ಪಕ್ಕದ ಸೇವಂತಿಗೆ ಮೊಗ್ಗು ಬಿಡದಿದ್ದರೆ

ಹಿರಿಯೂರು ಕಡೆಯ ಗೆಳೆಯರೇ, ಅರ್ಧ ಎಕರೆ ಸೇವಂತಿಗೆಯಲ್ಲಿ ಒಳಗಿನ ಸಾಲುಗಳೆಲ್ಲ ಮೊಗ್ಗು ಕಟ್ಟಿವೆ, ರಸ್ತೆ ಬದಿಯ ನಾಲ್ಕು ಸಾಲು ಮಾತ್ರ ಹಚ್ಚಗೆ ಬೆಳೆಯುತ್ತಲೇ ಇವೆ, ಪೊಟ್ಯಾಷ್ ಕೊಡಲೇ, ಟಾನಿಕ್ ಹೊಡೆಯಲೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ. ನಿಮ್ಮ ಫೋಟೊದ ಮೂಲೆಯಲ್ಲಿ ಬೀದಿದೀಪದ ಕಂಬ ಕಾಣುತ್ತಿದೆ. ನನ್ನ ಅನುಮಾನವೆಲ್ಲ ಅದರ ಮೇಲೆಯೇ.

ಸೇವಂತಿಗೆ ಹೂ ಬಿಡುವ ಕಾಲವನ್ನು ತಿಳಿಯುವುದು ರಾತ್ರಿಯ ಉದ್ದದಿಂದ. ಚಿತ್ರದುರ್ಗದಲ್ಲಿ ಜೂನ್ ಕೊನೆಗೆ ಹಗಲು ಸುಮಾರು 13 ಗಂಟೆ, ಡಿಸೆಂಬರ್‌ನಲ್ಲಿ ಹನ್ನೊಂದೂಕಾಲು. ನಮಗೆ ಲೆಕ್ಕಕ್ಕೇ ಬಾರದ ಈ ಅಂತರವನ್ನು ಗಿಡ ಅಳೆಯುತ್ತದೆ. ಎಲೆಯಲ್ಲಿ ಫೈಟೋಕ್ರೋಮ್ ಎಂಬ ವಸ್ತು ಇದೆ. ಕೆಂಪು ಬೆಳಕು ಬಿದ್ದರೆ ಅದು ಒಂದು ರೂಪಕ್ಕೆ ತಿರುಗುತ್ತದೆ, ಕತ್ತಲೆಯಲ್ಲಿ ನಿಧಾನವಾಗಿ ಹಿಂದಿನ ರೂಪಕ್ಕೆ ಮರಳುತ್ತದೆ. ಕತ್ತಲೆ ಕಡಿಯದೆ ಸಾಗಿದರೆ ಮಾತ್ರ ಗಿಡಕ್ಕೆ ಮೊಗ್ಗು ಕಟ್ಟುವ ಸೂಚನೆ ಸಿಗುತ್ತದೆ. ನಡುವೆ ದೀಪ ಉರಿದರೆ ಉದ್ದದ ರಾತ್ರಿಯೂ ಗಿಡದ ಪಾಲಿಗೆ ಗಿಡ್ಡ ರಾತ್ರಿಯೇ. ಎಲ್‌ಇಡಿಯ ಬಿಳಿ ಬೆಳಕಿನಲ್ಲೂ ಕೆಂಪು ಇದ್ದೇ ಇರುತ್ತದೆ. ಬೆಳಕನ್ನು ಅಳೆಯುವ ಮಾನವಾದ ಲಕ್ಸ್‌ನಲ್ಲಿ ಹೇಳುವುದಾದರೆ ಹುಣ್ಣಿಮೆಯ ಬೆಳಕು ಕಾಲು ಲಕ್ಸ್‌ನ ಆಸುಪಾಸು. ಬೀದಿದೀಪದ ಅಡಿಯಲ್ಲಿ ಅದರ ಹತ್ತಾರು ಪಟ್ಟು ಬೀಳುತ್ತದೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊತ್ತು ಸೇವಂತಿಗೆ ತೋಟಗಳು ಜಾತ್ರೆಯಂತೆ ಬೆಳಗುವುದನ್ನು ನೋಡಿರಬಹುದು. ಗಿಡ ಎತ್ತರಕ್ಕೆ ಬೆಳೆಯುವವರೆಗೆ ಮೊಗ್ಗು ಕಟ್ಟದಿರಲಿ ಎಂದು ಅವರು ಬೇಕೆಂದೇ ಬಲ್ಬ್ ಹಾಕುತ್ತಾರೆ. ನಿಮ್ಮ ನಾಲ್ಕು ಸಾಲಿಗೆ ಅದೇ ಉಪಚಾರ ಪುಕ್ಕಟೆಯಾಗಿ ಸಿಗುತ್ತಿದೆ.

ಮೂರು ವರ್ಷದ ಹಿಂದೆ ಕಾಡುಹಂದಿಯ ಭಯಕ್ಕೆ ಪಂಪ್‌ಹೌಸ್ ಮುಂದೆ ನಾನೇ ಒಂದು ಬಲ್ಬ್ ಕಟ್ಟಿದ್ದೆ. ಅದರ ಸುತ್ತಿನ ಗಿಡಗಳು ದೀಪಾವಳಿ ಮಾರುಕಟ್ಟೆಗೆ ಒಂದು ಹೂವನ್ನೂ ಕೊಡಲಿಲ್ಲ. ಕಾರಣ ಹೊಳೆಯದೆ ಎರಡು ಸಲ ಗೊಬ್ಬರ ಸುರಿದೆ. ಆ ನೋವಿನಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲು ಖಾತ್ರಿ ಮಾಡಿಕೊಳ್ಳಿ. ದೀಪಕ್ಕೆ ಹತ್ತಿರದ ಐದಾರು ಗಿಡಗಳ ಸುತ್ತ ಕೋಲು ನೆಟ್ಟು, ದಪ್ಪನೆಯ ಕಪ್ಪು ಬಟ್ಟೆಯನ್ನು ದೀಪ ಹೊತ್ತುವ ಮೊದಲೇ ಮುಚ್ಚಿ. ಬೆಳಕು ಹರಿದ ಮೇಲೆ ತೆಗೆಯಿರಿ. ಬರಿಯ ತುದಿ ಮುಚ್ಚಿದರೆ ಪ್ರಯೋಜನವಿಲ್ಲ, ಬುಡದವರೆಗಿನ ಎಲೆಗಳಿಗೆಲ್ಲ ಕತ್ತಲೆ ಸಿಗಬೇಕು. ಯಾಕೆಂದರೆ ರಾತ್ರಿಯನ್ನು ಅಳೆಯುವುದು ಎಲೆ, ಮೊಗ್ಗಲ್ಲ. 1930ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಚೈಲಾಖ್ಯಾನ್ ಇದನ್ನು ತೋರಿಸಿಕೊಟ್ಟದ್ದು ಸೇವಂತಿಗೆಯಲ್ಲೇ: ಮೇಲಿನ ಎಲೆಗಳನ್ನು ಕಿತ್ತು, ಕೆಳಗಿನ ಎಲೆಗಳಿಗೆ ಮಾತ್ರ ಉದ್ದದ ರಾತ್ರಿ ಕೊಟ್ಟಾಗಲೂ ತುದಿ ಹೂ ಬಿಟ್ಟಿತು. ಎಲೆಯಿಂದ ಹೊರಡುವ ಆ ಸಂದೇಶಕ್ಕೆ ಅವರು ಫ್ಲೋರಿಜೆನ್ ಎಂದು ಹೆಸರಿಟ್ಟರು. ಒಂದು ರಾತ್ರಿಯೂ ತಪ್ಪಿಸದಿದ್ದರೆ ಮೂರು ನಾಲ್ಕು ವಾರದಲ್ಲಿ ಮೊಗ್ಗು ಕಣ್ಣಿಗೆ ಬೀಳಬೇಕು. ಬಟ್ಟೆ ಗಿಡಕ್ಕೆ ತಾಗದಿರಲಿ, ಒಳಗೆ ಸೆಕೆ ನಿಲ್ಲದಿರಲಿ. ಬಿಸಿ ಹೆಚ್ಚಾದರೂ ಮೊಗ್ಗು ತಡವಾಗುತ್ತದೆ.

ಆದರೆ ಪರೀಕ್ಷೆ ಮುಗಿಯಲಿ ಎಂದು ಕಾಯುತ್ತ ಕೂರಬೇಡಿ. ನಾಳೆಯೇ ಗ್ರಾಮ ಪಂಚಾಯಿತಿಗೆ ಹೋಗಿ, ದೀಪಕ್ಕೆ ಹೊಲದ ಕಡೆ ಒಂದು ತಗಡಿನ ಮರೆ ಕಟ್ಟಿಸಿಕೊಡಿ ಎಂದು ಕೇಳಿ. ದೀಪ ಆರಿಸಿ ಎಂದರೆ ಓಡಾಡುವವರಿಗೆ ತೊಂದರೆ, ಒಪ್ಪುವುದೂ ಇಲ್ಲ. ಮರೆಗೆ ಖರ್ಚು ಕಡಿಮೆ. ಇಂದಿನಿಂದಲೇ ಕತ್ತಲೆ ಸಿಕ್ಕರೂ ಕೊಯ್ಲಿಗೆ ಎರಡು, ಎರಡೂವರೆ ತಿಂಗಳು ಬೇಕು. ಆದ್ದರಿಂದ ಈ ಸಾಲುಗಳ ಹೂವನ್ನು ನಂಬಿ ವ್ಯಾಪಾರಿಗೆ ಮಾತು ಕೊಡಬೇಡಿ.

ಮರೆ ಕಟ್ಟಲು ಆಗದೇ ಹೋದರೆ, ಮುಂದಿನ ಸಲ ಆ ಪಟ್ಟಿಯಲ್ಲಿ ಗುಲಾಬಿಯನ್ನೋ ಟೊಮ್ಯಾಟೊವನ್ನೋ ಹಾಕಿ. ಅವು ರಾತ್ರಿಯ ಉದ್ದಕ್ಕೆ ಕಾಯುವುದಿಲ್ಲ. ಉದ್ದ ಅವಧಿಯ ತೊಗರಿ ಮತ್ತು ಮಾಗಿಗೆ ಕಾಯುವ ನಾಟಿ ಅವರೆ ಅಲ್ಲಿ ಬೇಡ. ದೀಪದ ಕೆಳಗೆ ಅವೂ ಹೀಗೆಯೇ ಹಸಿರಾಗಿ ನಿಂತುಬಿಡುತ್ತವೆ.