ಮೂರು ಬೆರಳಿಗೆ ಎಷ್ಟು ಅಂಕ?

ಶಿವಮೊಗ್ಗ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ಚೀನಾದಲ್ಲಿ ಅವರ ಹಳೇ ವೈದ್ಯ ಕಲಿಯೋಕೆ ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಓದಬೇಕಂತೆ. ನಾಡಿ ಹಿಡಿಯೋದನ್ನು ಕ್ಲಾಸಲ್ಲಿ ಕಲಿಸೋಕಾಗುತ್ತಾ? ನಮ್ಮ ತಾತ ದೊಡ್ಡ ನಾಟಿ ವೈದ್ಯರು. ಒಂದು ಸರ್ಟಿಫಿಕೇಟೂ ಇರಲಿಲ್ಲ.”

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ ಸ್ವಾಮಿ.

ಕಾಲೇಜಿನ ಪರವಾಗಿ ಒಂದು ಮಾತು ಹೇಳಿ ಮುಗಿಸುತ್ತೇನೆ. 1956ರಲ್ಲಿ ಚೀನಾ ಸರ್ಕಾರ ಬೀಜಿಂಗ್, ಶಾಂಘೈ, ಗುವಾಂಗ್‌ಝೌ, ಚೆಂಗ್ಡುಗಳಲ್ಲಿ ಇಂಥ ನಾಲ್ಕು ಕಾಲೇಜು ತೆರೆಯಿತು. ಈಗ ಅಲ್ಲಿ ಬೇರು ನಾರಿನ ಜೊತೆ ಇಂಗ್ಲಿಷ್ ವೈದ್ಯವೂ ಪಾಠದಲ್ಲಿದೆ. ಎದೆಗೆ ಅಕ್ಯುಪಂಕ್ಚರ್ ಸೂಜಿ ಚುಚ್ಚುವವನಿಗೆ ಶ್ವಾಸಕೋಶ ಎಲ್ಲಿದೆ ಅಂತ ಗೊತ್ತಿರಬೇಕು, ಅಲ್ವಾ? ಅಷ್ಟು ಒಪ್ಪಿದೆ.

ಆದರೆ ಆ ಕಾಲೇಜುಗಳಲ್ಲಿ ಮೊದಮೊದಲು ಪಾಠ ಹೇಳಿದವರಲ್ಲಿ ಗುರುವಿನ ಪಕ್ಕ ಕೂತು ಕಲಿತ ಹಿರಿಯರೇ ಇದ್ದರು. ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ.

ಈ ವಿದ್ಯೆ ಹೋದ ಕಡೆಯೆಲ್ಲ ಬೇರೆ ಬೇರೆ ವೇಷ ಹಾಕಿದೆ. ದಕ್ಷಿಣ ಕೊರಿಯಾದಲ್ಲಿ ಆರು ವರ್ಷದ ಓದು, ಅದಕ್ಕೇ ಬೇರೆ ಲೈಸೆನ್ಸು. ಜಪಾನಿನಲ್ಲಿ ಮಾಮೂಲಿ ಇಂಗ್ಲಿಷ್ ವೈದ್ಯದ ಡಾಕ್ಟರೇ ‘ಕಾಂಪೋ’ ಪುಡಿ, ಅಂದರೆ ಚೀನಾದಿಂದ ಬಂದ ಗಿಡಮೂಲಿಕೆ ಔಷಧಿ, ಬರೆದುಕೊಡುತ್ತಾರೆ, ಅದಕ್ಕೆ ಪ್ರತ್ಯೇಕ ಲೈಸೆನ್ಸಿಲ್ಲ. ಆಸ್ಟ್ರೇಲಿಯಾದಲ್ಲಿ 2012ರಿಂದ ದೇಶಕ್ಕೆಲ್ಲ ಒಂದೇ ನೋಂದಣಿ.

ಸಿಂಗಾಪುರದಲ್ಲಿ ತಮ್ಮನ ಮನೆಗೆ ಹೋಗಿದ್ದಾಗ ಭುಜನೋವು ಅಂತ ಇಂಥ ಒಬ್ಬ ವೈದ್ಯರ ಹತ್ತಿರ ಹೋಗಿದ್ದೆ. ಮುದುಕರು ನನ್ನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು. ಒಮ್ಮೆ ಹಗುರ, ಒಮ್ಮೆ ಒತ್ತಿ. ಆಮೇಲೆ ಇನ್ನೊಂದು ಕೈ. ಅಷ್ಟರಲ್ಲಿ ಪಕ್ಕದಲ್ಲಿದ್ದ ಪದವೀಧರ ಹುಡುಗ ಕಂಪ್ಯೂಟರಿನಲ್ಲಿ ಔಷಧಿ ಟೈಪು ಮಾಡಿ ಮುಗಿಸಿದ್ದ! ಮುದುಕರು ಮಾತಾಡಲಿಲ್ಲ. ಅವನ ಕೈ ಎಳೆದು ನನ್ನ ಮಣಿಕಟ್ಟಿನ ಮೇಲಿಟ್ಟರು. ಭುಜ ಇನ್ನೂ ನೋಯುತ್ತದೆ, ಅದು ಬೇರೆ ವಿಷಯ.

ಚೀನಾಕ್ಕೂ ಇದು ಅರ್ಥವಾದಂತಿದೆ. 2017ರಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ, ಗುರುವಿನ ಹತ್ತಿರ ಕಲಿತವರಿಗೂ ದಾರಿ ಇದೆ. ಕನಿಷ್ಠ ಇಬ್ಬರು ವೈದ್ಯರು ಶಿಫಾರಸು ಮಾಡಬೇಕು, ಕೈಚಳಕದ ಪರೀಕ್ಷೆ ಪಾಸಾಗಬೇಕು. ನಮ್ಮಲ್ಲೋ, ಎಲ್ಲ ವಿದ್ಯೆಯೂ ಗೈಡಿನೊಳಗೆ ಹೋಗಿ ಕೂತಿದೆ. ಸಂಗೀತಕ್ಕೂ ‘ಐದು ಅಂಕದ ಪ್ರಶ್ನೆ’, ಬೇಸಾಯಕ್ಕೂ ‘ಟಿಪ್ಪಣಿ ಬರೆಯಿರಿ’. ಬಡಗಿಯ ಮಗ ಐಟಿಐ ಮುಗಿಸಿ ಬರುತ್ತಾನೆ, ಉಳಿ ಮಸೆಯಲು ಅಪ್ಪನನ್ನೇ ಕರೆಯುತ್ತಾನೆ.

ಒಂದು ಕೇಳಲಾ, ಬೇಜಾರು ಮಾಡ್ಕೋಬೇಡಿ. ತಾತನ ಪಕ್ಕ ನೀವು ಎಷ್ಟು ದಿನ ಕೂತಿದ್ದಿರಿ? ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದೆ ಅಂತ ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ.